ರಂಗಕ್ಕನ ಚೊಂಬಿನ ನೀರು

ಮಧುಗಿರಿ,
ಶುಕ್ರವಾರ, ೨೧ ಫೆಬ್ರವರಿ ೨೦೨೫

ಪ್ರೀತಿಯ ಮಾವನಿಗೆ, ತಿಮ್ಮರಾಜು ಮಾಡುವ ನಮಸ್ಕಾರಗಳು.

ಮಂಡಿ ಈಗ ಹೇಗಿದೆ? ವಾಕರ್ ಹಿಡಿದು ಮೈಸೂರಿನ ಮನೆಯ ವರಾಂಡದ ತುದಿಯವರೆಗೆ ಹೋಗಿ ಬರುತ್ತೀರಿ ಎಂದು ಮಧುಶ್ರೀ ಅಕ್ಕ ಹೇಳಿದಳು. ಕಾಲಿಗೆ ವ್ಯಾಯಾಮ ಮಾಡಿಸಲು ಬರುವ ಹುಡುಗನನ್ನು ಮೊದಲ ದಿನವೇ ಬೈದು ಕಳಿಸಿದ್ದನ್ನೂ ಹೇಳಿದಳು. ಅವನನ್ನು ಬೈಯಬೇಡಿ, ಅವನು ಹೇಳಿದಷ್ಟು ಸಲ ಕಾಲು ಮಡಚಿ. ಆಪರೇಷನ್ನಿಗೆ ಮುಂಚೆ ಎಕ್ಸರೇ ನೋಡಿದ ಡಾಕ್ಟರು ನೀವು ಯಾವ ಕಡೆಯ ನೀರು ಕುಡಿದು ಬೆಳೆದವರು ಎಂದು ಕೇಳಿದರಂತೆ. ಪಾವಗಡ ಸೀಮೆ ಎಂದು ನೀವು ಹೇಳಿದ್ದಕ್ಕೆ ತಲೆಯಾಡಿಸಿ ಏನೋ ಬರೆದುಕೊಂಡರಂತೆ. ಅವರು ಯಾಕೆ ಕೇಳಿದರು, ಏನು ಬರೆದುಕೊಂಡರು ಎಂದು ಅಕ್ಕನಿಗೆ ಗೊತ್ತಾಗಲಿಲ್ಲ. ಮುಂದಿನ ಸಲ ಹೋದಾಗ ನೀವೇ ಕೇಳಿ ತಿಳಿದುಕೊಳ್ಳಿ.

ಇಲ್ಲಿ ಎಲ್ಲರೂ ಕ್ಷೇಮ. ಅತ್ತೆ ಬೆಳಿಗ್ಗೆ ಎದ್ದು ನಿಮ್ಮ ಮೊಪೆಡ್ಡಿನ ಮೇಲಿನ ಧೂಳು ಒರೆಸುತ್ತಾರೆ, ಓಡಿಸಲು ಮಾತ್ರ ಯಾರಿಗೂ ಬಿಡುವುದಿಲ್ಲ. ಮದಲೂರು ಘಟಕದ ಪಂಪಿನ ಮೋಟಾರು ಸುಟ್ಟಿತ್ತು. ಸಿರಾದಲ್ಲಿ ರಿವೈಂಡಿಂಗ್ ಮಾಡುವ ಭಾಯಿ ಹತ್ತಿರ ಕೊಟ್ಟು ತಂದು ಕೂರಿಸಿದ್ದೇನೆ, ಈಗ ಚೆನ್ನಾಗಿ ಓಡುತ್ತಿದೆ. "ಗಂಗಾಧರಯ್ಯ ಸಾಬ್‌ಗೆ ದುವಾ ಮಾಡ್ತಾ ಇದೀನಿ ಅಂತ ಹೇಳಿ, ಬಂದ ಮೇಲೆ ಚಾಯ್ ಅವರದೇ" ಎಂದು ಭಾಯಿ ಹೇಳಿ ಕಳಿಸಿದ್ದಾರೆ. ನಿಮಗೆ ಫೋನು ಕೊಡಬಾರದು, ವ್ಯವಹಾರದ ಮಾತು ಆಡಬಾರದು ಎಂದು ಮಧುಶ್ರೀ ಅಕ್ಕ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾಳೆ. ಕಾಗದವನ್ನು ಬೀರುವಿನಲ್ಲಿ ಇಡಲಾರಳು ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ. ಅಕ್ಕಾ, ನೀನು ಇದನ್ನು ಮೊದಲು ಓದುತ್ತೀಯೆಂದು ಗೊತ್ತು. ಓದು, ಆಮೇಲೆ ಮಾವನಿಗೆ ಕೊಡು. ಒಂದು ಹಾಳೆಯನ್ನೂ ತೆಗೆದಿಟ್ಟುಕೊಳ್ಳಬೇಡ.

ವಿಷಯಕ್ಕೆ ಬರುತ್ತೇನೆ. ನಮ್ಮ ಶುದ್ಧ ನೀರಿನ ಘಟಕಗಳ ನಿರ್ವಹಣೆಯ ಗುತ್ತಿಗೆ ಮಾರ್ಚಿಗೆ ಮುಗಿಯುತ್ತದೆ. ಮುಂದುವರಿಯಬೇಕಾದರೆ ಪ್ರತಿ ಘಟಕದ ನೀರಿನ ಪರೀಕ್ಷಾ ವರದಿ ನೀರು ಸರಬರಾಜು ಕಚೇರಿಗೆ ಹೋಗಬೇಕು. ಒಂದು ಘಟಕದ ನೀರು ಕೆಟ್ಟದ್ದೆಂದು ಬಂದರೂ ಎಲ್ಲ ಘಟಕಗಳ ಗುತ್ತಿಗೆಯೂ ನಿಲ್ಲುತ್ತದೆ. ಇಷ್ಟು ವರ್ಷ ವರದಿಯ ಕೆಳಗೆ ಎರಡು ಕಡೆಯೂ ನೀವೇ ಸಹಿ ಹಾಕುತ್ತಿದ್ದಿರಿ. ಈ ಸಲ ನೀವಿಲ್ಲದ್ದರಿಂದ ತಾಂತ್ರಿಕ ಸಿಬ್ಬಂದಿ ಎಂಬ ಜಾಗದಲ್ಲಿ ನಾನು ಸಹಿ ಹಾಕಬೇಕು, ಮಾಲೀಕರು ಎಂಬ ಜಾಗದಲ್ಲಿ ನೀವು. ಬೇರೆಲ್ಲ ಊರಿನವಕ್ಕೆ ಹಾಕಿದ್ದೇನೆ. ಉಳಿದಿರುವುದು ಎರ್ರಗುಂಟಹಳ್ಳಿಯದು ಮಾತ್ರ. ನಿಮ್ಮೂರು, ಅಮ್ಮ ಹುಟ್ಟಿದ ಊರು. ಅಲ್ಲಿಯ ನೀರು ಕುಡಿಯಲು ಯೋಗ್ಯ ಎಂದು ನಾನು ಬರೆದುಕೊಡಬೇಕೇ, ಇಲ್ಲವೇ? ನಡೆದದ್ದನ್ನೆಲ್ಲ ಬರೆಯುತ್ತೇನೆ.

ಎರ್ರಗುಂಟಹಳ್ಳಿ ಘಟಕ ನೋಡಿಕೊಳ್ಳುವ ಜಯಣ್ಣ ಹೋದ ತಿಂಗಳು ಬಂದು ಎರಡು ಬಾಟಲಿ ನೀರನ್ನು ಮೇಜಿನ ಮೇಲಿಟ್ಟ. ಒಂದರ ಮೇಲೆ ನಮ್ಮ ತೋವಿನಕೆರೆ ಘಟಕದ ಚೀಟಿ, ಇನ್ನೊಂದರ ಮೇಲೆ ಎರ್ರಗುಂಟಹಳ್ಳಿ. ರಾತ್ರಿ ಮಧುಗಿರಿಯಲ್ಲೇ ಉಳಿದಿದ್ದವನು ಪಾವಗಡಕ್ಕೆ ಇಷ್ಟು ಬೇಗ ಹೇಗೆ ಹೋಗಿ ಬಂದೆ ಎಂದು ಕೇಳಿದೆ. "ಪಾವಗಡ ಯಾಕೋಗ್ಲಣ್ಣ. ಎರಡೂ ತೋವಿನಕೆರೆ ನೀರೇ. ಒಂದು ಅವರೂರಿಗೆ, ಒಂದು ನಮ್ಮೂರಿಗೆ. ಯಾವಾಗ್ಲೂ ಇಂಗೇ" ಎಂದ. ಮುಖದಲ್ಲಿ ಅಳುಕಿರಲಿಲ್ಲ. ಒಂದು ಡಬ್ಬಿ ಊಟ ತನಗೆ, ಇನ್ನೊಂದು ಮಗನಿಗೆ ಎನ್ನುವಷ್ಟು ಸಹಜವಾಗಿ ಹೇಳಿದ. ನಾನು ಎರಡನೆಯ ಬಾಟಲಿಯ ಚೀಟಿ ಕಿತ್ತು ನೀರನ್ನು ಅತ್ತೆಗೆ ಕೊಟ್ಟೆ. ಅವರು ಅದರಲ್ಲಿ ತೊಗರಿಬೇಳೆ ಬೇಯಿಸಿದರು.

ಮರುದಿನ ಜಯಣ್ಣನ ಜೊತೆ ಎರ್ರಗುಂಟಹಳ್ಳಿಗೆ ಹೋದೆ. ಯಂತ್ರ ಚೆನ್ನಾಗಿಯೇ ಇದೆ, ನೀವು ಹೋದ ವರ್ಷ ಹಾಕಿಸಿದ ಫಿಲ್ಟರು ಇನ್ನೂ ಗಟ್ಟಿಯಾಗಿದೆ. ಆದರೆ ಬೋರ್‌ವೆಲ್‌ನ ಹಸಿ ನೀರನ್ನು ಫಿಲ್ಟರಿಗೆ ಕಳಿಸದೆ ನೇರವಾಗಿ ಶುದ್ಧ ನೀರಿನ ಟ್ಯಾಂಕಿಗೆ ಬಿಡುವ ಸಣ್ಣ ವಾಲ್ವ್ ಅರ್ಧಕ್ಕಿಂತ ಹೆಚ್ಚು ತೆರೆದಿತ್ತು. ಕಚೇರಿಯವರು ಬಂದರೆ ಉಪ್ಪಿನಂಶ ಅಳೆಯುವ ಮೀಟರನ್ನು ನಲ್ಲಿಯ ನೀರಿಗೆ ಅದ್ದಿ ನೋಡುತ್ತಾರೆ, ಮುನ್ನೂರು ಚಿಲ್ಲರೆ ತೋರಿಸುತ್ತದೆ, ಸಮಾಧಾನದಿಂದ ಹೋಗುತ್ತಾರೆ. ಆ ಮೀಟರಿಗೆ ಫ್ಲೋರೈಡ್ ಕಾಣುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆ ಬೇಕು, ಮದ್ದಿನ ಹನಿ ಬಿಟ್ಟು ಬಣ್ಣ ನೋಡುವುದು. ಒಳ್ಳೆಯ ನೀರು ಗುಲಾಬಿಯಾಗಿ ಉಳಿಯುತ್ತದೆ, ಫ್ಲೋರೈಡ್ ಹೆಚ್ಚಾದಷ್ಟೂ ಹಳದಿಗೆ ತಿರುಗುತ್ತದೆ. ನಮ್ಮ ಘಟಕದ ನಲ್ಲಿಯ ನೀರು ಹಳದಿಯಾಯಿತು. ನಾನು ವಾಲ್ವನ್ನು ಪೂರ್ತಿ ಮುಚ್ಚಿ, ತಂತಿ ಸುತ್ತಿ ಬಂದೆ. ಕೆಲಸ ಮುಗಿಯಿತೆಂದೇ ತಿಳಿದಿದ್ದೆ.

ವಾರ ಕಳೆಯುವುದರೊಳಗೆ ಜಯಣ್ಣ ಫೋನು ಮಾಡಿದ. ಘಟಕದ ಮುಂದೆ ಜನ ಸೇರಿದ್ದರು, ಹಿಂದಿನಿಂದ ಯಾರೋ ತೆಲುಗಿನಲ್ಲಿ ಕೂಗುವುದು ನನಗೂ ಕೇಳಿಸಿತು: "ಇದಿ ನೀಳ್ಳು ಕಾದು ರಾ ಅಬ್ಬಾಯಿ!" ಇದು ನೀರೇ ಅಲ್ಲ ಕಣೋ ಹುಡುಗ ಎಂದು. ಸಪ್ಪೆ, ಆಸ್ಪತ್ರೆ ನೀರಿನಂಗೈತೆ, ಚೊಂಬುಗಟ್ಟಲೆ ಕುಡಿದ್ರೂ ದಾಹ ಹೋಗಲ್ಲ, ಕಾಫಿಗೆ ರುಚಿಯೇ ಹತ್ತಲ್ಲ ಎಂದು ದೂರು. ಒಬ್ಬಾಕೆ ಮಾತ್ರ ನ್ಯಾಯವಾಗಿ ಮಾತಾಡಿದಳು. "ಬೇಳೆ ಬೆಣ್ಣೆಯಂಗೆ ಬೇಯ್ತದೆ, ಸುಳ್ಳು ಯಾಕೇಳ್ಲಿ. ಬೇಳೆಗೊಂದು ಬಿಂದಿಗೆ ಕೊಡು. ಕುಡಿಯಕ್ಕೆ ನಮ್ ನೀರೇ ಬುಡು" ಎಂದಳು. ಸಂಜೆಯ ಹೊತ್ತಿಗೆ ಯಾರೋ ತಂತಿ ಕತ್ತರಿಸಿ, ಸ್ಪ್ಯಾನರ್ ಹಾಕಿ ವಾಲ್ವ್ ತಿರುಗಿಸಿದ್ದರು. ಯಾರೆಂದು ಜಯಣ್ಣ ಹೇಳಲಿಲ್ಲ. ಅವನೇ ಇದ್ದರೂ ಇರಬಹುದು, ಅವನ ಮನೆಯಲ್ಲೂ ಕಾಫಿ ಕುಡಿಯುತ್ತಾರೆ.

ಪೈಪನ್ನೇ ಕತ್ತರಿಸಿ ಮುಚ್ಚಳ ಹಾಕಿಬಿಡುತ್ತೇನೆ ಎಂದೆ. ಆಗ ಜಯಣ್ಣ, ನೀವು ಎಂದೂ ಹೇಳದಿದ್ದ ಸಂಗತಿ ಹೇಳಿದ. ಘಟಕ ಶುರುವಾದಾಗ ನೀವೂ ವಾಲ್ವ್ ಮುಚ್ಚಿಯೇ ನೀರು ಕೊಟ್ಟಿರಿ. ಜನ ಬಿಂದಿಗೆ ತಿರುಗಿಸಿಕೊಂಡು ಬೋರ್‌ವೆಲ್ ಸಿಸ್ಟನ್ನಿನ ತೊಟ್ಟಿಗೆ ಹೋದರು. ಅಲ್ಲಿಯದು ಪೂರಾ ಹಸಿ ನೀರು. "ನಿಮ್ಮಾವ ಮೂರು ದಿನ ಘಟಕದ ಬಾಗಿಲಲ್ಲೇ ಕುಂತಿದ್ರು. ಒಬ್ರೂ ಬರ್ಲಿಲ್ಲ. ಆಮೇಲೆ ತಾವೇ ವಾಲ್ವ್ ಒಂಚೂರು ತೆಗೆದ್ರು. ಒಬ್ಬೊಬ್ರೇ ಬಂದ್ರು. ಇನ್ನೊಂಚೂರು ತೆಗೆದ್ರು. ಊರೆಲ್ಲಾ ಬಂತು" ಎಂದ. ಪೂರ್ತಿ ಕೆಟ್ಟ ನೀರಿಗಿಂತ ಅರ್ಧ ಕೆಟ್ಟ ನೀರು ಮೇಲು ಎಂದು ನೀವು ಲೆಕ್ಕ ಹಾಕಿದಿರಿ. ಅರ್ಧ ಕೆಟ್ಟ ನೀರು ಪರೀಕ್ಷೆಯಲ್ಲಿ ನಪಾಸು. ಹಾಗಾಗಿ ತೋವಿನಕೆರೆಯ ಬಾಟಲಿ ಬಂತು. ಬಾಟಲಿಯ ಬಗ್ಗೆ ಯಾರೂ ಕೇಳದಿರಲಿ ಎಂದು ಕಚೇರಿಯಲ್ಲಿ ವರದಿ ನೋಡುವ ಪ್ರಸನ್ನಕುಮಾರ್ ಅವರ ಮನೆಗೆ ಪ್ರತಿ ಸೋಮವಾರ ನೀರಿನ ಕ್ಯಾನುಗಳು ಬಿಟ್ಟಿಯಾಗಿ ಹೋಗತೊಡಗಿದವು.

ನನ್ನ ಚೀಲದಲ್ಲಿರುವ ನೀತಿ, ಆರೋಗ್ಯದ ಹತ್ತು ರೂಪಾಯಿಯ ಪುಸ್ತಕಗಳನ್ನು ಕಂಡರೆ ನೀವು ನಗುತ್ತೀರಿ. ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಬುದ್ಧಿ ಬಸ್ಸು ಹೊರಡುವ ತನಕ ಎನ್ನುತ್ತೀರಿ. ಅವುಗಳಲ್ಲಿ ಬರುವ ಭ್ರಷ್ಟನಿಗೆ ಡೊಳ್ಳು ಹೊಟ್ಟೆ ಇರುತ್ತದೆ, ಕಾರು ಇರುತ್ತದೆ. ನಿಮಗಿರುವುದು ಸೀಟು ಹರಿದ ಮೊಪೆಡ್. ಜಯಣ್ಣನ ಮಾತು ಕೇಳಿದ ಮೇಲೆ ಆ ಪುಸ್ತಕಗಳನ್ನು ಮತ್ತೆ ತೆಗೆದು ನೋಡಿದೆ, ಜನ ಕೇಳಿದ್ದಕ್ಕೇ ತಪ್ಪು ಮಾಡಿದವನ ಬಗ್ಗೆ ಒಂದು ಸಾಲೂ ಇಲ್ಲ. ಆದರೂ ಅವು ಸುಳ್ಳೆಂದು ನಾನು ಒಪ್ಪುವುದಿಲ್ಲ. ಊರಿನವರು ರುಚಿ ಕೇಳಿದರು, ವಿಷ ಕೇಳಲಿಲ್ಲ. ನೀರಿನಲ್ಲಿ ಏನಿದೆ ಎಂದು ನೀವು ಅವರಿಗೆ ಹೇಳಲಿಲ್ಲ, ವರದಿಯಲ್ಲಿ ಎಲ್ಲ ಸರಿಯಿದೆ ಎಂದು ಹೇಳಿಸಿದಿರಿ. ವರದಿ ನೋಡಿ ಅವರು ನಿಶ್ಚಿಂತೆಯಾಗಿ ಕುಡಿದರು. ಬೋರ್‌ವೆಲ್ ಸಿಸ್ಟನ್ನಿನ ಮೇಲೆ ಶುದ್ಧ ನೀರು ಎಂದು ಯಾರೂ ಬರೆದಿಲ್ಲ. ನಮ್ಮ ಘಟಕದ ಮೇಲೆ ಬರೆದಿದೆ.

ಹಾಗಾಗಿ ನಾನೇ ಹೇಳೋಣವೆಂದು ಹೋದೆ. ಹಾಲಿನ ಡೈರಿ ಮುಂದೆ ಸಂಜೆ ಹಾಲು ಹಾಕಲು ಬಂದವರ ನಡುವೆ ನಿಂತು, ಪುಸ್ತಕ ಹಿಡಿದು, ಫ್ಲೋರೈಡಿನಿಂದ ಹಲ್ಲು, ಬೆನ್ನು, ಕೀಲು ಏನಾಗುತ್ತವೆ ಎಂದು ವಿವರಿಸಿದೆ. ಕೇಳಿದರು. ಕೇಳಿ, ಬೈರಪ್ಪನವರು, ನಿಮ್ಮ ಬಾಲ್ಯದ ಗೆಳೆಯರೇ, "ಹಲ್ಲು ಕಂದಾದ್ರೆ ಏನಾಯ್ತಲಾ? ಅದೇ ಹಲ್ಲಿಟ್ಕೊಂಡು ನಿಮ್ಮಮ್ಮ ಮದ್ವೆಯಾಗ್ಲಿಲ್ವಾ? ನೀ ಹುಟ್ಲಿಲ್ವಾ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಮ್ಮ ನಗುವಾಗ ಸೆರಗು ಬಾಯಿಗೆ ಅಡ್ಡ ಹಿಡಿಯುವುದು ನಾಚಿಕೆ ಸ್ವಭಾವದಿಂದ ಎಂದೇ ನಾನು ಹೈಸ್ಕೂಲಿಗೆ ಹೋಗುವವರೆಗೂ ತಿಳಿದಿದ್ದೆ. ಹಾಲು ಹಾಕಿದವರು ಕ್ಯಾನು ತೊಳೆದುಕೊಂಡು ಮನೆಗೆ ಹೋದರು. ಭಾಷಣ ಅಲ್ಲಿಗೆ ಮುಗಿಯಿತು.

ವಾಪಸು ಹೊರಟವನನ್ನು ರಂಗಕ್ಕ ತಡೆದಳು. ನಿಮ್ಮ ದೊಡ್ಡಪ್ಪನ ಮಗಳು, ನಿಮ್ಮನ್ನು ಎತ್ತಿ ಆಡಿಸಿದವಳು, ಆ ಊರಿಗೆ ಹೋಗಿ ಅವಳ ಮನೆಗೆ ಹೋಗದೆ ಬರುವುದಕ್ಕೆ ಆಗುತ್ತದೆಯೇ. ಈಗ ನೆಲ ನೋಡಿಕೊಂಡೇ ನಡೆಯುತ್ತಾಳೆ, ನಮ್ಮ ಮುಖ ನೋಡಬೇಕಾದರೆ ಗೋಡೆಗೆ ಕೈ ಊರಿ ನಿಧಾನವಾಗಿ ಕತ್ತು ತಿರುಗಿಸಬೇಕು. "ಭಾಷಣ ಬಿಗಿದು ಗಂಟ್ಲು ಒಣಗೈತೆ, ಬಾ ಮಗ ಒಳೀಕೆ" ಎಂದು ಕರೆದು ಜಗಲಿಯ ಮೇಲೆ ಕೂರಿಸಿದಳು. ತಟ್ಟೆಯಲ್ಲಿ ಬೆಲ್ಲ, ಚೊಂಬಿನಲ್ಲಿ ನಮ್ಮ ಘಟಕದ ನೀರು ತಂದಿಟ್ಟಳು. ನಾನು ಬೆಲ್ಲ ತಿಂದೆ. ಚೊಂಬಿಗೆ ಕೈ ಹೋಗಲಿಲ್ಲ. ಇದನ್ನು ನಾನು ಮೊದಲೇ ಯೋಚಿಸಿ ಮಾಡಲಿಲ್ಲ ಮಾವ, ಯೋಚಿಸಿದ್ದರೆ ಬಹುಶಃ ಎರಡು ಗುಟುಕು ಕುಡಿದು ಎದ್ದು ಬರುತ್ತಿದ್ದೆ. ಆ ನೀರು ಮದ್ದಿನ ಹನಿಗೆ ಹೇಗೆ ಹಳದಿಯಾಯಿತೆಂದು ಕಣ್ಣಾರೆ ನೋಡಿದ್ದೆ, ಕೈ ತೊಡೆಯ ಮೇಲೇ ಉಳಿಯಿತು.

ಅವಳು ಕಾದಳು. ಆಮೇಲೆ ಗೋಡೆಗೆ ಕೈ ಊರಿ ನನ್ನ ಕಡೆ ಕತ್ತು ತಿರುಗಿಸಿದಳು. "ಬೆಲ್ಲ ತಿಂದು ನೀರು ಮುಟ್ದೇ ಇದ್ದೋರ್ನ ಈ ಮನೇಲಿ ನಾನು ಕಂಡಿಲ್ಲ ಕಣಪ್ಪ. ನಿಮ್ಮಮ್ಮ ಹುಟ್ಟಿದೂರು. ಏನ್ ಜಾತಿಗೀತಿ ಕೆಟ್ಟೋಗೈತಾ ನಮ್ದು?" ಎಂದಳು. ಅಲ್ಲ ದೊಡ್ಡಮ್ಮ, ನೀರಿನಲ್ಲಿ ಅದಿದೆ ಎಂದೆ. "ಯಾವ್ದು? ಆಗ ಡೈರಿ ತಾವ ಏಳ್ತಿದ್ಯಲ್ಲ, ಅದಾ?" ಹೌದೆಂದೆ. "ಅಂಗಾರೆ ಅದು ನಿಜಾನಾ?" ಎಂದಳು. ಒಂದು ಗಂಟೆ ಕಾಲ ಪುಸ್ತಕ ಓದಿದಾಗ ನಂಬದವಳು, ನಾನು ಕುಡಿಯದೆ ಉಳಿಸಿದ ಒಂದು ಚೊಂಬು ನೀರು ನೋಡಿ ನಂಬಿದಳು. ಆಮೇಲೆ ಇನ್ನೊಂದು ಮಾತು ಹೇಳಿದಳು. ಅದನ್ನು ನಿಮಗೆ ತಲುಪಿಸಲೇಬೇಕು: "ನಮ್ ಗಂಗ ಬಂದಾಗೆಲ್ಲಾ ಚೊಂಬು ಎತ್ತಿ ಗಟಗಟ ಕುಡಿದೇ ಹೋಗ್ತಿದ್ದ. ಅವನಿಗೆ ಗೊತ್ತಿರ್ಲಿಲ್ವಾ?"

ಅದು ನಿಮಗೆ ಕೇಳಿದ ಪ್ರಶ್ನೆ. ನನ್ನ ಚೀಲದಲ್ಲಿ ಖಾಲಿ ಬಾಟಲಿ ಇತ್ತು, ಈ ಚೊಂಬಿನ ನೀರನ್ನೇ ಪರೀಕ್ಷೆಗೆ ಒಯ್ಯಲೇ ಎಂದು ಕೇಳಿದೆ. "ಒಯ್ಯಿ. ಕುಡಿಯಕ್ಕಾಗಲ್ಲ, ಕೋರ್ಟಿಗೆ ಕರ್ಕೊಂಡೋಗಕ್ಕಾಯ್ತದೆ ನಮ್ ನೀರ್ನ" ಎಂದಳು. ಬಗ್ಗಿಸಿ ಸುರಿದವಳೂ ಅವಳೇ, ಒಂದು ಹನಿಯೂ ಆಚೆ ಚೆಲ್ಲಲಿಲ್ಲ. ತುಮಕೂರಿನ ಪ್ರಯೋಗಾಲಯಕ್ಕೆ ಕೊಟ್ಟೆ. ಮಿತಿಗಿಂತ ಹೆಚ್ಚು ಫ್ಲೋರೈಡ್ ಇದೆ, ಕುಡಿಯಲು ಯೋಗ್ಯವಲ್ಲ ಎಂದು ಬಂದಿದೆ.

ಅದನ್ನು ಪ್ರಸನ್ನಕುಮಾರ್ ಅವರ ಮನೆಗೆ ಹೋಗಿ ತೋರಿಸಿದೆ. ಅವರು ಬೈಯಲಿಲ್ಲ. ಮೊದಲು ನಿಮ್ಮ ಮಂಡಿ ಹೇಗಿದೆ ಎಂದು ಕೇಳಿದರು, ನಿಜವಾಗಿಯೇ ಕೇಳಿದರು. ಆಮೇಲೆ ಹೇಳಿದರು, "ತೋವಿನಕೆರೆ ಬಾಟ್ಲಿ ನಿನಗೆ ಇಷ್ಟ ಇಲ್ಲ, ಸರಿ, ಬೇಡ ಬಿಡು. ಅಲ್ಲಿಗೇ ಹೋಗು. ವಾಲ್ವ್ ಮುಚ್ಚು, ಅರ್ಧ ದಿನ ನೀರು ಹರಿಸು, ಬಾಟ್ಲಿ ತುಂಬು, ವಾಲ್ವ್ ತೆಗಿ. ಅದೇ ಊರು, ಅದೇ ಯಂತ್ರ, ಅದೇ ನೀರು. ಇದ್ರಲ್ಲಿ ಸುಳ್ಳು ಎಲ್ಲಿದೆ ಹೇಳಪ್ಪ." ಇದು ನನ್ನನ್ನು ನಿಜಕ್ಕೂ ಎರಡು ದಿನ ಹಿಡಿದಿಟ್ಟಿತು. ಕಾಗದದಲ್ಲಿ ಒಂದಕ್ಷರವೂ ಸುಳ್ಳಿರುವುದಿಲ್ಲ. ಯಂತ್ರ ಏನು ಮಾಡಬಲ್ಲದು ಎಂದು ಕೇಳಿದರೆ ಅದೇ ಉತ್ತರ. ಆದರೆ ವರದಿ ಯಂತ್ರಕ್ಕಲ್ಲ, ಕುಡಿಯುವವರಿಗೆ. ಬಾಟಲಿಗೆ ಮಾತ್ರ ಒಳ್ಳೆಯ ನೀರು ಕೊಟ್ಟು, ಚೊಂಬಿಗೆ ಬೇರೆ ನೀರು ಕೊಟ್ಟರೆ ತೋವಿನಕೆರೆಯಿಂದ ತಂದದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಜಯಣ್ಣನ ಬೈಕಿನ ಪೆಟ್ರೋಲು ಮಾತ್ರ. ಪ್ರಸನ್ನಕುಮಾರ್ ಮಾತಾಡುವಾಗ ಮಧ್ಯೆ ಮಧ್ಯೆ ನೀರು ಕುಡಿಯುತ್ತಿದ್ದರು. ಮೇಜಿನ ಪಕ್ಕದಲ್ಲಿದ್ದದ್ದು ನಮ್ಮ ಕ್ಯಾನೇ. ಅವರಿಗೆ ಅದು ಸಪ್ಪೆ ಎನಿಸಿದಂತೆ ಕಾಣಲಿಲ್ಲ. ಈ ಸೋಮವಾರದಿಂದ ಆ ಕ್ಯಾನು ನಿಲ್ಲಿಸಿದ್ದೇನೆ.

ಮನೆಯಲ್ಲಿ ಹೇಳಿದೆ. ಅತ್ತೆ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದವರು ಬಾಟಲಿ ಮುಚ್ಚಿಟ್ಟು, "ನೀನು ನಿಜ ಹೇಳು, ನಾನು ಬ್ಯಾಡ ಅನ್ನಲ್ಲ. ಗುತ್ತಿಗೆ ಹೋದ್ರೆ ಆ ಜಯಣ್ಣನ ಮನೆಗೆ, ಉಳಿದೋರ ಮನೆಗೆಲ್ಲಾ ಹೋಗಿ ನೀನೇ ಹೇಳ್ಬೇಕು, ನಿಮ್ಮಾವನ್ನ ಕಳಿಸ್ಬ್ಯಾಡ" ಎಂದರು. ಹೋಗುತ್ತೇನೆ ಎಂದಿದ್ದೇನೆ, ಹೋಗುತ್ತೇನೆ ಕೂಡ. ವನಜಾ ಮಾತ್ರ ಬೇರೆ ಥರ ಹೇಳಿದಳು. "ಅಪ್ಪ ಬೈತಾರೆ, ಬೈಸ್ಕೊ. ಆದ್ರೆ ಅವರು ಮಲಗಿರುವಾಗ ಅವರ ಬೆನ್ನ ಹಿಂದೆ ಮಾಡ್ಬೇಡ. ಮೊದಲು ಅವರಿಗೆ ಬರೆ" ಎಂದಳು. ಈ ಕಾಗದ ಅವಳು ಹೇಳಿದ್ದರಿಂದ ಬರೆದದ್ದು. ಅವಳ ಪರೀಕ್ಷೆ ಚೆನ್ನಾಗಿ ಆಗಿದೆ, ಯೋಚನೆ ಬೇಡ ಎಂದು ತಿಳಿಸಲು ಹೇಳಿದ್ದಾಳೆ.

ಮಾವ, ನೀವು ಕಳ್ಳರೆಂದು ನಾನು ಬರೆಯುತ್ತಿಲ್ಲ. ನೀವು ಇಲ್ಲದಿದ್ದರೆ ನನ್ನ ಡಿಪ್ಲೊಮಾ ಆಗುತ್ತಿರಲಿಲ್ಲ, ಅದನ್ನು ಮರೆತೂ ಇಲ್ಲ. ಆ ಡಿಪ್ಲೊಮಾದಲ್ಲಿ ನಾನು ಕಲಿತದ್ದು, ಅಳತೆ ತಪ್ಪಿದರೆ ತಪ್ಪಿದೆ ಎಂದು ಬರೆಯುವುದು. ನಾನು ಎಷ್ಟು ಸಲ ವಾಲ್ವ್ ಮುಚ್ಚಿದರೂ ಎರ್ರಗುಂಟಹಳ್ಳಿಯವರು ಅಷ್ಟೇ ಸಲ ತೆರೆಯುತ್ತಾರೆ. ಅದನ್ನು ಮೊದಲು ತೆರೆದವರು ನೀವು. ನೀವೇ ಹೋಗಿ, ಯಾಕೆ ತೆರೆದೆ, ಈಗ ಯಾಕೆ ಮುಚ್ಚುತ್ತಿದ್ದೇನೆ ಎಂದು ಡೈರಿ ಮುಂದೆ ನಿಂತು ಹೇಳಿದರೆ ಬೈರಪ್ಪನವರು ನಿಮ್ಮನ್ನೂ ಗೇಲಿ ಮಾಡುತ್ತಾರೆ, ಆದರೆ ಕೇಳುತ್ತಾರೆ.

ಕಾಲಿನ ಬಗ್ಗೆ ಅಸಡ್ಡೆ ಮಾಡಬೇಡಿ. ಮೈಸೂರಿನ ಬೆಳಗಿನ ಚಳಿಗೆ ಕಂಬಳಿ ಬೇಕಿದ್ದರೆ ಕಳಿಸುತ್ತೇನೆ. ಮಧುಶ್ರೀ ಅಕ್ಕನಿಗೆ, ಭಾವನಿಗೆ ನನ್ನ ನಮಸ್ಕಾರ, ಮಕ್ಕಳಿಗೆ ಪ್ರೀತಿ. ಸಿದ್ದರಬೆಟ್ಟ ಹತ್ತಿ ಬರುತ್ತೇನೆಂದು ಅತ್ತೆ ನಿಮ್ಮ ಹೆಸರಿನಲ್ಲಿ ಹರಸಿಕೊಂಡಿದ್ದಾರೆ. ನಿಮ್ಮನ್ನೂ ಹತ್ತಿಸುತ್ತಾರಂತೆ, ಅದಕ್ಕಾದರೂ ಬೇಗ ವಾಸಿಯಾಗಿ. ನಿಮ್ಮ ಆಶೀರ್ವಾದ ಇರಲಿ, ಸಿಟ್ಟು ಬಂದರೆ ಸಿಟ್ಟೂ ಇರಲಿ.

ನಿಮ್ಮ ಅಳಿಯ,
ತಿಮ್ಮರಾಜು

ಮರೆತಿದ್ದೆ: ರಂಗಕ್ಕನ ಚೊಂಬಿನ ನೀರಿನ ವರದಿ ಇದರ ಜೊತೆಗಿದೆ. ಯೋಗ್ಯವಲ್ಲ ಎಂಬುದರ ಕೆಳಗೆ ನನ್ನ ಸಹಿ ಹಾಕಿದ್ದೇನೆ, ಮಾಲೀಕರ ಜಾಗ ಖಾಲಿ ಇದೆ. ವಿಳಾಸ ಬರೆದ ಲಕೋಟೆಯನ್ನೂ ಇಟ್ಟಿದ್ದೇನೆ. ಮಾರ್ಚ್ ಮೊದಲ ವಾರದವರೆಗೆ ಕಾಯುತ್ತೇನೆ. ನಿಮ್ಮ ಸಹಿ ಬಂದರೆ ಎರಡು ಸಹಿಯ ಕಾಗದ ಕಚೇರಿಗೆ ಹೋಗುತ್ತದೆ. ಬಾರದಿದ್ದರೆ ನನ್ನ ಒಂದೇ ಸಹಿ ಇರುವ ನಕಲನ್ನು ಎರ್ರಗುಂಟಹಳ್ಳಿ ಘಟಕದ ಬಾಗಿಲಿಗೆ ಅಂಟಿಸಿ, ಘಟಕ ಮುಚ್ಚಿ, ಬೀಗದ ಕೈ ಅತ್ತೆಗೆ ಕೊಡುತ್ತೇನೆ. ನಿನ್ನೆ ವರದಿ ಓದಿ ಹೇಳಲು ರಂಗಕ್ಕನ ಮನೆಗೆ ಹೋಗಿದ್ದೆ. ಈಗ ಬಂದವರಿಗೆ ಬರೀ ಬೆಲ್ಲ ಕೊಡುತ್ತಿದ್ದಾಳೆ, ನೀರು ಕೊಡುವುದಿಲ್ಲ. ನನಗೂ ಬೆಲ್ಲವನ್ನಷ್ಟೇ ಕೊಟ್ಟಳು. "ಗಂಗ ಕಾಲು ಸರಿ ಮಾಡ್ಕೊಂಡು ಬರ್ತಾನಲ್ಲ, ಅವನ ಮುಂದೆ ಏನಿಡ್ಲಿ ಅಂತ ಕೇಳು" ಎಂದಳು. ಅದಕ್ಕೆ ಉತ್ತರ ನೀವೇ ಬರೆಯಬೇಕು.